ಇಂಗ್ಲಿಷ್ ನುಡಿಗಟ್ಟು: ಒಂದಕ್ಕೆ ಮೂರು ಸಾಲು ಬರೆದು ಕಲಿಯಿರಿ

ನುಡಿಗಟ್ಟುಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರೂ ಮಾತಿಗೆ ನಿಂತಾಗ ಎಡವುತ್ತಾರೆ. ಅರ್ಥ ಗೊತ್ತಿರುತ್ತದೆ, ಅದನ್ನು ಎಲ್ಲಿ ಹೇಳಬೇಕೆಂಬುದು ಗೊತ್ತಿರುವುದಿಲ್ಲ. ವಾರಕ್ಕೆ 5 ನುಡಿಗಟ್ಟು ಸಾಕು. ಒಂದೊಂದಕ್ಕೂ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬಿಡಿ.

ಮೊದಲ ಸಾಲಿನಲ್ಲಿ ಪೂರ್ತಿ ವಾಕ್ಯ ಬರೆಯಿರಿ. ‘ಅಂಡರ್ ದ ವೆದರ್’ ಅಂದರೆ ಹುಷಾರಿಲ್ಲ ಎಂದು ಗುರುತು ಹಾಕಿಕೊಂಡರೆ ಸಾಲದು. ‘ಐ ಆ್ಯಮ್ ಫೀಲಿಂಗ್ ಎ ಬಿಟ್ ಅಂಡರ್ ದ ವೆದರ್’ ಎಂದು ಬರೆದಾಗ ‘ಎ ಬಿಟ್’ ಸುಳಿವು ಕೊಡುತ್ತದೆ: ಇದು ನೆಗಡಿ, ಮೈಕೈ ನೋವಿನ ಮಟ್ಟದ ಮಾತು. ಹೃದಯದ ಆಪರೇಷನ್ ಆದವರ ಬಗ್ಗೆ ಹೀಗಂದರೆ ಕಾಯಿಲೆಯನ್ನು ಹಗುರ ಮಾಡಿದಂತೆ ಕೇಳಿಸುತ್ತದೆ.

ಎರಡನೇ ಸಾಲು ಕನ್ನಡದ್ದು. ಇಲ್ಲಿಯೇ ಹೆಚ್ಚು ಹೊತ್ತು ಕೂರಬೇಕು. ಪದಕ್ಕೆ ಪದ ಇಡದೆ, ಅದೇ ಸಂದರ್ಭದಲ್ಲಿ ನಾವೇನು ಹೇಳುತ್ತೇವೆಂದು ಹುಡುಕಿ. ‘ಪೀಸ್ ಆಫ್ ಕೇಕ್’ ಅಂದರೆ ನೀರು ಕುಡಿದಷ್ಟು ಸುಲಭ. ‘ಲೆಟ್ ದ ಕ್ಯಾಟ್ ಔಟ್ ಆಫ್ ದ ಬ್ಯಾಗ್’ ಅಂದರೆ ಗುಟ್ಟು ಬಿಟ್ಟುಕೊಡುವುದು. ಆದರೆ ‘ಗಿವ್ ಮಿ ಎ ಹ್ಯಾಂಡ್’ ಅಂದರೆ ಸ್ವಲ್ಪ ಸಹಾಯ ಮಾಡಿ. ನಮ್ಮಲ್ಲಿ ಕೈ ಕೊಡುವವನು ನಡುನೀರಿನಲ್ಲಿ ಬಿಟ್ಟು ಹೋಗುವವನು! ‘ಒನ್ಸ್ ಇನ್ ಎ ಬ್ಲೂ ಮೂನ್’ ಕೇಳಿದೊಡನೆ ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’ ನೆನಪಾಗುತ್ತದೆ. ಎರಡರಲ್ಲೂ ಚಂದ್ರನಿದ್ದಾನೆ, ತೂಕ ಮಾತ್ರ ಬೇರೆ. ಒಂದೇ ತಿಂಗಳಲ್ಲಿ ಬರುವ ಎರಡನೇ ಹುಣ್ಣಿಮೆಯನ್ನು ಈಗ ಬ್ಲೂ ಮೂನ್ ಎನ್ನುತ್ತಾರೆ. ಅದು ಬರುವುದು ಹೆಚ್ಚುಕಡಿಮೆ ಎರಡೂವರೆ ವರ್ಷಕ್ಕೊಮ್ಮೆ. 2023ರ ಆಗಸ್ಟ್‌ನಲ್ಲಿ ಬಂದಿತ್ತು. ತಿಂಗಳಿಗೊಮ್ಮೆ ಊರಿಗೆ ಹೋಗುವವರಿಗೆ ಈ ಮಾತು ಹೊಂದುವುದಿಲ್ಲ.

ಮೂರನೇ ಸಾಲಿನಲ್ಲಿ ಏನನ್ನು ಬದಲಿಸಬಹುದು, ಯಾರ ಮುಂದೆ ಹೇಳಬಾರದು ಎಂದು ಬರೆಯಿರಿ. ಸಾಮಾನ್ಯವಾಗಿ ಕಾಲಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುತ್ತದೆ, ಉಳಿದದ್ದು ಕದಲುವುದಿಲ್ಲ. ಕೆಲಸ ಮುಗಿಸಿದೆವು ಎನ್ನಲು ‘ವಿ ಕಾಲ್ಡ್ ಇಟ್ ಎ ಡೇ’ ಸರಿ. ತುಂಬಾ ದುಬಾರಿ ಎನ್ನುವ ‘ಆ್ಯನ್ ಆರ್ಮ್ ಆ್ಯಂಡ್ ಎ ಲೆಗ್’ನಲ್ಲಿ ಆರ್ಮ್ ತೆಗೆದು ಹ್ಯಾಂಡ್ ಹಾಕಿದರೆ ಕೆಟ್ಟಿತು. ‘ತೋಳು ಕೊಟ್ಟ’ ಅಂದರೆ ನಮಗೂ ಮೋಸ ಹೋದದ್ದು ಹೊಳೆಯುವುದಿಲ್ಲವಲ್ಲ, ಹಾಗೆ. ‘ಕಿಕ್ ದ ಬಕೆಟ್’ ಅಂದರೆ ಗೊಟಕ್ ಅನ್ನುವುದು; ಸಂತಾಪದ ಇಮೇಲ್‌ನಲ್ಲಿ ಬೇಡವೇ ಬೇಡ. ಮೀಟಿಂಗಿನಲ್ಲಿ ‘ಟೇಬಲ್ ಇಟ್’ ಕೇಳಿಸಿದರೆ ಹೇಳಿದವರು ಯಾವ ದೇಶದವರೆಂದು ನೋಡಿ. ಬ್ರಿಟನ್ನಿನಲ್ಲಿ ಅದು ವಿಷಯವನ್ನು ಚರ್ಚೆಗೆ ತರುವುದು, ಅಮೆರಿಕದಲ್ಲಿ ಮುಂದಕ್ಕೆ ಹಾಕುವುದು. ಅನುಮಾನವಿದ್ದರೆ ಕೇಳಿಬಿಡಿ.

ನಮ್ಮ ಮಾತನ್ನು ಇಂಗ್ಲಿಷಿಗೆ ಸಾಗಿಸುವಾಗಲೂ ಇದೇ ಎಚ್ಚರ ಬೇಕು. ‘ಡೋಂಟ್ ಈಟ್ ಮೈ ಹೆಡ್’ ಅಂದರೆ ಲಂಡನ್ನಿನ ಸಹೋದ್ಯೋಗಿ ಕಕ್ಕಾಬಿಕ್ಕಿಯಾಗುತ್ತಾರೆ. ‘ಔಟ್ ಆಫ್ ಸ್ಟೇಷನ್’ ನಮ್ಮ ಆಫೀಸುಗಳಲ್ಲಿ ಸಲೀಸಾಗಿ ನಡೆಯುತ್ತದೆ. ಹೊರದೇಶದವರಿಗೆ ಬರೆಯುವಾಗ ‘ಔಟ್ ಆಫ್ ಟೌನ್’ ಎಂದು ಬರೆಯಿರಿ.