ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಕಾರು ಆಫ್ ಆಗುತ್ತಾ? ಪಾರ್ಟ್ ಬದಲಿಸುವ ಮೊದಲು ಗಾಳಿಯ ದಾರಿ ನೋಡಿ

ಓಡುವಾಗ ಗಾಡಿ ಚೆನ್ನಾಗಿಯೇ ಇರುತ್ತದೆ. ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ಎಂಜಿನ್ ಎರಡು ಸಲ ನಡುಗಿ ಆಫ್! ಹೀಗಾದಾಗ ಹೆಚ್ಚಿನವರು ಮೊದಲು ಪ್ಲಗ್ ಬದಲಿಸುತ್ತಾರೆ, ಆಮೇಲೆ ಟ್ಯಾಂಕಿನಿಂದ ಪೆಟ್ರೋಲ್ ಎತ್ತುವ ಪಂಪ್, ಅದಕ್ಕೂ ಬಗ್ಗದಿದ್ದರೆ ಯಾವುದೋ ಸೆನ್ಸರ್. ನನ್ನ ಸ್ನೇಹಿತರೊಬ್ಬರು ಈ ಮೂರನ್ನೂ ಮುಗಿಸಿದ ಮೇಲೆ ನಾವು ಬಾನೆಟ್ ಎತ್ತಿ ನೋಡಿದೆವು. ಏರ್ ಫಿಲ್ಟರ್ ಹಾಕುವಾಗ ಕಳಚಿದ್ದ ಬೆರಳು ಗಾತ್ರದ ಹೋಸ್ ಒಂದು ಹಾಗೇ ನೇತಾಡುತ್ತಿತ್ತು.

ಆಕ್ಸಿಲರೇಟರ್ ಬಿಟ್ಟಾಗ, ಎಂಜಿನ್‌ಗೆ ಹೋಗುವ ಗಾಳಿಯ ಬಾಗಿಲಿನಂತಿರುವ ಥ್ರಾಟಲ್ ತಟ್ಟೆ ಬಹುತೇಕ ಮುಚ್ಚಿಕೊಳ್ಳುತ್ತದೆ. ಉಳಿದ ಸಣ್ಣ ಸಂದಿಯ ಗಾಳಿಯಲ್ಲೇ ಎಂಜಿನ್ 700–800 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಹಿಡಿದುಕೊಂಡಿರಬೇಕು. ಸಂದಿ ಕಟ್ಟಿದರೂ ಕಷ್ಟ, ಲೆಕ್ಕಕ್ಕೆ ಸಿಗದ ಗಾಳಿ ಬೇರೆ ಕಡೆಯಿಂದ ನುಗ್ಗಿದರೂ ಕಷ್ಟ. ಹಾಗಾಗಿ ಹುಡುಕಾಟ ಗಾಳಿಯಿಂದ ಶುರುವಾಗಲಿ. (ಇದು ಫ್ಯೂಯೆಲ್ ಇಂಜೆಕ್ಷನ್ ಪೆಟ್ರೋಲ್ ಕಾರಿನ ಮಾತು. ಡೀಸೆಲ್ ಕಥೆಯೇ ಬೇರೆ.)

ಹೆಜ್ಜೆ 1: ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ಗೆ ಸಿಕ್ಕಿಸುವ ಉಪಕರಣ) ಹಾಕಿ ದೋಷದ ಕೋಡ್ ಓದಿ. ಪಿ0171 ಬಂದರೆ ಗಾಳಿ ಜಾಸ್ತಿ ಅಥವಾ ಪೆಟ್ರೋಲ್ ಕಡಿಮೆ. ಪಿ0506 ಅಂದರೆ ಐಡಲ್, ಅಂದರೆ ಕಾಲು ಬಿಟ್ಟಾಗಿನ ಎಂಜಿನ್ ವೇಗ, ಇರಬೇಕಾದ್ದಕ್ಕಿಂತ ಕೆಳಗಿದೆ. ಕೋಡ್ ತೋರಿಸುವುದು ದಿಕ್ಕನ್ನು ಮಾತ್ರ, ಕೆಟ್ಟ ಪಾರ್ಟನ್ನಲ್ಲ.

ಹೆಜ್ಜೆ 2: ಸೋರಿಕೆ ಹುಡುಕಿ. ಎಂಜಿನ್ ಚಾಲೂ ಇಟ್ಟು 'ಸ್ಸ್' ಅನ್ನುವ ಸದ್ದಿಗೆ ಕಿವಿಗೊಡಿ. ಒಂದು ಉದ್ದ ರಬ್ಬರ್ ಪೈಪಿನ ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಹೋಸ್‌ಗಳ ಪಕ್ಕ ಓಡಿಸಿದರೆ ಜಾಗ ಬೇಗ ಸಿಗುತ್ತದೆ. ಫ್ಯಾನ್ ಮತ್ತು ಬೆಲ್ಟ್‌ನಿಂದ ಕೈ ದೂರವಿರಲಿ. ಹೋಸ್‌ನ ಬಿರುಕು ಹೆಚ್ಚಾಗಿ ಅಡಿಭಾಗದಲ್ಲಿ, ಬಗ್ಗಿದ ಕಡೆ ಇರುತ್ತದೆ. ಆಯಿಲ್ ಮುಚ್ಚಳ, ಡಿಪ್‌ಸ್ಟಿಕ್ ಸರಿಯಾಗಿ ಕೂತಿವೆಯೇ ನೋಡಿ. ಕೆಲವು ಕಾರುಗಳಲ್ಲಿ ಅಷ್ಟು ಸಾಕು ಐಡಲ್ ಕೆಡಲು. ಬಿಸಿ ಎಂಜಿನ್ ಮೇಲೆ ಕಾರ್ಬುರೇಟರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕುವ ಹಳೇ ಕೈಚಳಕ ಬೇಡ. ಅದು ಬೆಂಕಿಗೆ ಆಹ್ವಾನ.

ಟ್ಯಾಂಕ್ ತುಂಬಿಸಿದ ಮೇಲೆ ಮಾತ್ರ ಆಫ್ ಆಗುತ್ತಿದ್ದರೆ, ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿರಬಹುದು. ಉಳಿದದ್ದನ್ನು ಬಿಟ್ಟು ಅದನ್ನು ಪರೀಕ್ಷೆ ಮಾಡಿಸಿ.

ಹೆಜ್ಜೆ 3: ಥ್ರಾಟಲ್ ಬಾಡಿ (ಆ ತಟ್ಟೆ ಕೂತಿರುವ ಗೂಡು) ತೊಳೆಯುವುದು. ಜನ ಕೆಡಿಸುವುದು ಇಲ್ಲೇ.

ಎಂಜಿನ್ ತಣ್ಣಗಾಗಿರಲಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಯಾವ ಹೋಸ್ ಎಲ್ಲಿತ್ತು ಎಂದು ಫೋಟೋ ತೆಗೆದುಕೊಳ್ಳಿ, ನೆನಪನ್ನು ನಂಬಬೇಡಿ. ಗಾಳಿ ಪೈಪ್ ಕಳಚಿದರೆ ತಟ್ಟೆಯ ಅಂಚಿನಲ್ಲಿ ಕಪ್ಪು ಜಿಡ್ಡಿನ ಉಂಗುರ ಕಾಣುತ್ತದೆ. ಎಂಜಿನ್ನಿನದೇ ಆಯಿಲ್ ಹೊಗೆ ಕೂತು ಕೂತು ಆದದ್ದು.

ಕೇಬಲ್ ಇರುವ ಹಳೇ ಮಾದರಿಯಾದರೆ ತಟ್ಟೆಯನ್ನು ಕೈಯಿಂದ ತೆರೆದು ಒರೆಸಬಹುದು. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಬೆರಳಿಂದ ತಳ್ಳಲೇಬೇಡಿ. ಒಳಗೆ ಸಣ್ಣ ಮೋಟಾರ್, ಹಲ್ಲಿನ ಚಕ್ರಗಳಿವೆ. ಇಗ್ನಿಷನ್ ಆನ್ ಇದ್ದರಂತೂ ತಟ್ಟೆ ಪಟ್ಟೆಂದು ಮುಚ್ಚಿ ಬೆರಳು ಕತ್ತರಿಸೀತು. ನನ್ನ ಮಾತು ಕೇಳುವುದಾದರೆ ಬೋಲ್ಟ್ ಬಿಚ್ಚಿ ಇಡೀ ಬಾಡಿಯನ್ನೇ ಹೊರಗೆ ತೆಗೆಯಿರಿ. ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ, ಆದರೆ ತಟ್ಟೆಯ ಹಿಂದಿನ ಕೊಳೆಯೂ ಕಾಣುತ್ತದೆ.

ಥ್ರಾಟಲ್ ಬಾಡಿಗೆಂದೇ ಬರುವ ಕ್ಲೀನರನ್ನು ಬಟ್ಟೆಗೆ ಹೊಡೆದು ಒರೆಸಿ. ನೇರ ಒಳಗೆ ಸುರಿದರೆ ಅದು ಶಾಫ್ಟ್ ಸಂದಿಯಿಂದ ಇಳಿದು ಸೆನ್ಸರ್ ಸೇರುತ್ತದೆ. ಸ್ಕ್ರೂಡ್ರೈವರ್, ಸ್ಯಾಂಡ್‌ಪೇಪರ್, ಪಾತ್ರೆ ಉಜ್ಜುವ ಸ್ಟೀಲ್ ನಾರು ಯಾವುದೂ ಬೇಡ. ಕೆಲವು ಥ್ರಾಟಲ್‌ಗಳ ಗೋಡೆಗೆ ಕಾರ್ಖಾನೆಯಲ್ಲೇ ಲೇಪನ ಹಚ್ಚಿರುತ್ತಾರೆ. ಅದನ್ನು ಕೊಳೆ ಎಂದು ಕೆರೆದು ಹಾಕಿದವರನ್ನು ನೋಡಿದ್ದೇನೆ. ಬಣ್ಣ ಹಾಕಿ ಮುದ್ರೆ ಒತ್ತಿದ ಸಣ್ಣ ಸ್ಕ್ರೂ ಇದ್ದರೆ ಮುಟ್ಟಬೇಡಿ. ಅದು ಐಡಲ್ ಏರಿಸುವ ಸ್ಕ್ರೂ ಅಲ್ಲ, ತಟ್ಟೆ ಎಲ್ಲಿ ನಿಲ್ಲಬೇಕೆಂಬ ಗುರುತು.

ಗಾಳಿ ಅಳೆಯುವ ಸೆನ್ಸರ್‌ಗೆ ಬೇರೆಯೇ ಕ್ಲೀನರ್ ಬೇಕು. ಥ್ರಾಟಲ್ ಕ್ಲೀನರ್ ಬಿದ್ದರೆ ಅದು ಹಾಳಾಗಬಹುದು. ಇನ್ನು ಟ್ಯಾಂಕಿಗೆ ಸುರಿಯುವ 'ಎಲ್ಲ ಸರಿ ಮಾಡುವ' ಬಾಟಲಿ ಇಲ್ಲಿ ಸುಮ್ನೆ ದಂಡ. ಪೆಟ್ರೋಲ್ ಹೋಗುವ ದಾರಿಯಲ್ಲಿ ಈ ತಟ್ಟೆ ಇಲ್ಲವೇ ಇಲ್ಲ, ಅಲ್ವಾ?

ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಿ.

ಹೆಜ್ಜೆ 4: ಎಂಜಿನ್ನಿನ ಕಂಪ್ಯೂಟರ್‌ಗೆ ಹೊಸದಾಗಿ ಕಲಿಸುವುದು. ಸ್ಟಾರ್ಟ್ ಮಾಡಿದಾಗ ಐಡಲ್ 1500ಕ್ಕೆ ಏರಿದರೆ ಗಾಬರಿ ಬೇಡ. ಕೊಳೆ ಇದ್ದಾಗ ಎಂಜಿನ್ನಿನ ಕಂಪ್ಯೂಟರ್ ತಟ್ಟೆಯನ್ನು ಜಾಸ್ತಿ ತೆರೆಯಲು ಕಲಿತಿತ್ತು, ಈಗಲೂ ಅದೇ ಅಭ್ಯಾಸ. ಕಲಿಸುವ ವಿಧಾನ ಒಂದೊಂದು ಕಾರಿಗೆ ಒಂದೊಂದು. ಕೆಲವಕ್ಕೆ ರೇಡಿಯೇಟರ್ ಫ್ಯಾನ್ ತಿರುಗುವ ತನಕ ಸುಮ್ಮನೆ ಬಿಟ್ಟು, ಆಮೇಲೆ ಎಸಿ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಸಾಕು. ಕೆಲವಕ್ಕೆ ಸ್ಕ್ಯಾನರ್‌ನಿಂದಲೇ ಆಗಬೇಕು. ಸರ್ವಿಸ್ ಕೈಪಿಡಿ ನೋಡಿ.

ಕೊನೆಗೆ ನ್ಯೂಟ್ರಲ್‌ನಲ್ಲಿಟ್ಟು ಎಸಿ ಹಾಕಿ, ಹೆಡ್‌ಲೈಟ್ ಹಾಕಿ, ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ. ಆರ್‌ಪಿಎಂ ಸೂಜಿ ಒಂದು ಕ್ಷಣ ಬಗ್ಗಿ ಮತ್ತೆ ಎದ್ದು ನಿಂತರೆ ಕೆಲಸ ಮುಗಿಯಿತು. ಬಿಸಿಯಾದಾಗ ಮಾತ್ರ, ಅದೂ ನಡುಗದೆ ಸ್ವಿಚ್ ಆರಿಸಿದಂತೆ ಆಫ್ ಆಗುತ್ತಿದ್ದರೆ ಇದು ಗಾಳಿಯ ತಕರಾರಲ್ಲ. ಮೆಕ್ಯಾನಿಕ್‌ಗೆ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಕಂಪ್ಯೂಟರ್‌ಗೆ ತಿಳಿಸುವುದು) ಮೊದಲು ನೋಡಲು ಹೇಳಿ.