‘ನಾಳೆ ಬಾ’ ಎನ್ನುವ ಕಾನೂನಿಗಾಗಿ

2021ರ ಮಾರ್ಚ್ 16ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಚೆರೋಕಿ ಕೌಂಟಿ ಹಾಗೂ ಅಟ್ಲಾಂಟಾ ನಗರದ ಮೂರು ಸ್ಪಾಗಳಲ್ಲಿ 21 ವರ್ಷದ ಯುವಕನೊಬ್ಬ ಎಂಟು ಮಂದಿಯನ್ನು ಗುಂಡಿಕ್ಕಿ ಕೊಂದ. ಅವರಲ್ಲಿ ಆರು ಮಂದಿ ಏಷ್ಯಾ ಮೂಲದ ಮಹಿಳೆಯರು. ಪಕ್ಕದ ಆಲ್ಫರೆಟ್ಟಾದಲ್ಲಿರುವ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಯುಗಾದಿ ಕಾರ್ಯಕ್ರಮದ ಚರ್ಚೆಯೇ ಮುಂದುವರಿದಿತ್ತು. “ಸತ್ತವರು ಕೊರಿಯಾ, ಚೀನಾ ಕಡೆಯವರಲ್ಲವೇ?” ಎಂದ ಹಿರಿಯರೊಬ್ಬರಿಗೆ ನಾನು 2017ರಲ್ಲಿ ಕಾನ್ಸಸ್‌ನ ಒಲೇಥದಲ್ಲಿ ಕೊಲೆಯಾದ ಎಂಜಿನಿಯರ್ ಶ್ರೀನಿವಾಸ ಕೂಚಿಭೊಟ್ಲ ಅವರನ್ನು ನೆನಪಿಸಿದೆ, ಕೊಂದವನು ಅವರನ್ನು ಇರಾನಿನವರೆಂದು ಭಾವಿಸಿದ್ದ.

ಮೊದಲು ಮೇಣದಬತ್ತಿ ಹಚ್ಚಿದೆವು. ಬೀದಿಯಲ್ಲಿ ಯಾರನ್ನಾದರೂ ನಿಂದಿಸುವಾಗ ನಡುವೆ ಪ್ರವೇಶಿಸುವುದು ಹೇಗೆಂಬ ತರಬೇತಿಯನ್ನೂ ಪಡೆದೆವು. ನಿಂದಿಸುವವನನ್ನು ಕಡೆಗಣಿಸಿ, ನಿಂದನೆಗೊಳಗಾದವರ ಬಳಿ ಹೋಗಿ ಗಂಟೆ ಎಷ್ಟೆಂದು ಕೇಳುವ ಉಪಾಯ ನಮ್ಮ ಅಮ್ಮಂದಿರಿಗೆ ಬಹಳ ಹಿಡಿಸಿತು. ಆದರೆ ನನ್ನನ್ನು ಕಾಡಿದ್ದು ಬೇರೆಯೇ ಸಂಗತಿ: ಆ ಯುವಕ ಪಿಸ್ತೂಲನ್ನು ಕೊಂಡದ್ದು ಅದೇ ದಿನ, ಕಾನೂನುಬದ್ಧವಾಗಿ. ಜಾರ್ಜಿಯಾದಲ್ಲಿ ಹಣ ಕೊಟ್ಟವನು ಬಂದೂಕು ಪಡೆಯಲು ಕಾಯಬೇಕಾದ ಅವಧಿಯೆಂಬುದೇ ಇಲ್ಲ. ಕಾಯುವ ಅವಧಿಯೆಂದರೇನೆಂದು ಗೆಳೆಯರಿಗೆ ವಿವರಿಸಲು ಹೆಣಗುತ್ತಿದ್ದಾಗ ನೆರವಿಗೆ ಬಂದದ್ದು ನಮ್ಮೂರ ಬಾಗಿಲುಗಳ ಮೇಲೆ ದೆವ್ವವನ್ನು ಹಿಂದಕ್ಕೆ ಕಳಿಸಲು ಬರೆಯುತ್ತಿದ್ದ ‘ನಾಳೆ ಬಾ’.

ಜಾರ್ಜಿಯಾ ಶಾಸನಸಭೆ ಜನವರಿಯಲ್ಲಿ ಆರಂಭವಾಗಿ ಕೇವಲ 40 ದಿನ ಕಲಾಪ ನಡೆಸುತ್ತದೆ. ಆ ದಿನಗಳಲ್ಲಿ ಯಾರು ಬೇಕಾದರೂ ಚೀಟಿ ಬರೆದು ಒಳಗೆ ಕಳಿಸಿದರೆ, ಬಿಡುವಿರುವ ಶಾಸಕರು ಸದನದ ಹೊರಗೆ ಹಗ್ಗ ಕಟ್ಟಿದ ಜಾಗಕ್ಕೆ ಬಂದು ಮಾತನಾಡುತ್ತಾರೆ. ನನ್ನ ಬಳಿ ಇದ್ದದ್ದು ಗ್ರೀನ್ ಕಾರ್ಡ್, ಮತವಲ್ಲ. ಆದರೂ ಚೀಟಿ ಬರೆಯಲು ಅಡ್ಡಿಯಿರಲಿಲ್ಲ. ಮೂರು ಪುಟಗಳ ಭಾಷಣ ಸಿದ್ಧಪಡಿಸಿ ಮನೆಯಲ್ಲಿ ಓದಿ ಕೇಳಿಸಿದಾಗ ನನ್ನ ಹೆಂಡತಿ, “ರೀ, ಅವರು ನಿಂತುಕೊಂಡೇ ಕೇಳುವವರು, ಅದೇ ದಿನ ಕೊಂಡ ಎಂಬುದನ್ನಷ್ಟೇ ಹೇಳಿ” ಎಂದಳು. 2022ರಲ್ಲಿ ಹಾಗೆಯೇ ಹೇಳಿದೆ. ಶಾಸಕರು ಸೌಜನ್ಯದಿಂದಲೇ ಕೇಳಿಸಿಕೊಂಡರು. ಆ ವರ್ಷದ ಏಪ್ರಿಲ್‌ನಲ್ಲಿ ರಾಜ್ಯಪಾಲ ಬ್ರಯನ್ ಕೆಂಪ್ ಸಹಿ ಹಾಕಿದ ಕಾನೂನು ಪರವಾನಗಿಯಿಲ್ಲದೆಯೇ ಪಿಸ್ತೂಲನ್ನು ಉಡುಪಿನೊಳಗೆ ಮರೆಮಾಡಿಕೊಂಡು ಓಡಾಡಲು ಅವಕಾಶ ಕೊಟ್ಟಿತು.

ಅಷ್ಟರಲ್ಲಿ ನಮ್ಮವರಲ್ಲೇ ಎರಡು ಕುಟುಂಬಗಳು ಭಯದಿಂದ ಪಿಸ್ತೂಲು ಕೊಂಡಿದ್ದವು. ನನಗೆ ಸಿಟ್ಟು ಬಂದಿತ್ತೆಂಬುದು ನಿಜ. ಆದರೂ ವಾದಕ್ಕಿಳಿಯದೆ, ಮಗಳನ್ನು ಆಟಕ್ಕೆ ಕಳಿಸುವ ಮುನ್ನ “ಬಂದೂಕಿಗೆ ಬೀಗ ಹಾಕಿದ್ದೀರಾ?” ಎಂದು ಕೇಳುವ ರೂಢಿ ಮಾಡಿಕೊಂಡೆ. ಮೊದಲ ಸಲ ಕೇಳಿದಾಗ ನಾಲಿಗೆ ತಡವರಿಸಿತು.

2023ರ ಜನವರಿಯ ಕೊನೆಯಲ್ಲಿ ಮತ್ತೆ ಚೀಟಿ ಬರೆದೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಪಾರ್ಕ್‌ನಲ್ಲಿ 72 ವರ್ಷದ, ಏಷ್ಯಾ ಮೂಲದವನೇ ಆದ ಮುದುಕನೊಬ್ಬ 11 ಮಂದಿಯನ್ನು ಕೊಂದು ಕೆಲವೇ ದಿನಗಳಾಗಿದ್ದವು. ಹತ್ತು ದಿನ ಕಾಯಿಸುವ ಕಾನೂನು ಅಲ್ಲಿದೆಯಲ್ಲ ಎಂದು ಶಾಸಕರು ಕೇಳಿದರು. ನಾನು ಇದೆಯೆಂದು ಒಪ್ಪಿಕೊಂಡೆ. ಚೆರೋಕಿಯಲ್ಲಿ ಆ ದಿನ ಇರಲಿಲ್ಲವೆಂದೂ ಹೇಳಿದೆ.