ಎಪಿಎಲ್ ಆಗಿಹೋಗಿದ್ದ ಕಾರ್ಡಿನಲ್ಲೇ ಅಪ್ಪನ ಬೈಪಾಸ್ ಮಾಡಿಸಿದ್ದು: ನನ್ನ ಅನುಭವ

ಅಪ್ಪನ ಹೃದಯದ ಬೈಪಾಸ್ ಆಪರೇಷನ್ ಆಗಿ ಆರೇಳು ತಿಂಗಳಾಯ್ತು. ಆಪರೇಷನ್ ಬಾಬ್ತು ಆಸ್ಪತ್ರೆಗೆ ನಾವು ಒಂದು ರೂಪಾಯಿಯೂ ಕಟ್ಟಲಿಲ್ಲ. "ಕಾರ್ಡು ಗೀರ್ಡು ಅಂತ ಓಡಾಡ್ಬೇಡ, ಹೊಲ ಅಡ ಇಟ್ಟು ದುಡ್ಡು ಕಟ್ಟು" ಎಂದವರೇ ಜಾಸ್ತಿ ಇದ್ದರು. ಅವರಲ್ಲಿ ಇಬ್ಬರು ಈಗ ತಮ್ಮ ಮನೆಯ ಕಾಗದ ಹಿಡಿದು ನನ್ನ ಹತ್ತಿರ ಬಂದಿದ್ದಾರೆ. ಅದಕ್ಕೇ ಬರೆದಿಟ್ಟುಬಿಡೋಣ ಅನ್ನಿಸಿತು.

ಮೊದಲು ಕೆಲವು ಪದ: ಇ-ಕೆವೈಸಿ ಅಂದರೆ ಆಧಾರ್ ಮೂಲಕ ಗುರುತು ಖಾತ್ರಿ ಮಾಡುವುದು, ಆರೋಗ್ಯಮಿತ್ರ ಅಂದರೆ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವವರು, ಪ್ರೀ-ಆಥ್ ಅಂದರೆ ಚಿಕಿತ್ಸೆಗೆ ಮೊದಲೇ ಸಿಗುವ ಒಪ್ಪಿಗೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಚಿಕಿತ್ಸಾ ಯೋಜನೆಯಲ್ಲಿ ಬಿಪಿಎಲ್ (ಬಡತನ ರೇಖೆಗಿಂತ ಕೆಳಗಿನ) ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ (ರೇಖೆಗಿಂತ ಮೇಲಿನ) ಮನೆಗೆ ಪ್ಯಾಕೇಜ್ ದರದ 30%, ಅದೂ 1.5 ಲಕ್ಷದವರೆಗೆ ಮಾತ್ರ. ಈ 30% ಲೆಕ್ಕ ಮಾತ್ರ ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಅದು ಆಸ್ಪತ್ರೆ ಬಿಲ್ಲಿನ 30% ಅಲ್ಲ, ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ 30%. ಪ್ಯಾಕೇಜ್ 1 ಲಕ್ಷ, ಆಸ್ಪತ್ರೆ ಬಿಲ್ 3 ಲಕ್ಷ ಅಂದುಕೊಳ್ಳಿ. ಬರುವುದು 30 ಸಾವಿರ. ಮಿಕ್ಕಿದ್ದು ಕೈಯಿಂದ. ಹಾಗಾಗಿ ಕಾರ್ಡ್ ಬಿಪಿಎಲ್ಲೋ ಎಪಿಎಲ್ಲೋ ಅನ್ನುವುದರ ಮೇಲೆಯೇ ಇಡೀ ಆಟ ನಿಂತಿದೆ.

ನಮ್ಮದು ಹೊನ್ನಾಳಿ ತಾಲ್ಲೂಕು. ಎರಡೂವರೆ ಎಕರೆ ಮೆಕ್ಕೆಜೋಳದ ಹೊಲ, ಜೊತೆಗೆ ನಾನು ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುತ್ತೇನೆ. ವರ್ಷಕ್ಕೆ 1.20 ಲಕ್ಷ ಆದಾಯ, ಏಳೂವರೆ ಎಕರೆ ಒಣಭೂಮಿ, ಸ್ವಂತಕ್ಕೆ ಓಡಿಸುವ ಕಾರು, ಈ ಯಾವ ಗೆರೆಯನ್ನೂ ನಾವು ದಾಟಿಲ್ಲ. ಹಾಗಿದ್ದರೂ 2024ರ ಕೊನೆಯಲ್ಲಿ ನಮ್ಮ ಕಾರ್ಡ್ ಎಪಿಎಲ್ ಪಟ್ಟಿಗೆ ಹೋಗಿತ್ತು. ಅಪ್ಪನಿಗೆ ಎದೆನೋವು ಶುರುವಾದದ್ದೂ ಅದೇ ಹೊತ್ತಿಗೆ.

ಕಾರಣ ಹುಡುಕಲು ಸುಮಾರು ಓಡಾಟವಾಯ್ತು. ರೇಷನ್ ಡಿಪೋದವರಿಗೆ ಗೊತ್ತಿಲ್ಲ. ಕಚೇರಿಯಲ್ಲಿ ಒಬ್ಬರು "ಮೇಲಿಂದ ಬಂದಿದೆ" ಎಂದರು. ಕೊನೆಗೆ ಸಿಕ್ಕಿದ್ದು ಇದು: ನನ್ನ ತಮ್ಮ ಬೆಂಗಳೂರಲ್ಲಿ ಕಾರ್ಖಾನೆ ಕೆಲಸಕ್ಕಿದ್ದಾನೆ. ಮದುವೆಯಾಗಿ ಅಲ್ಲೇ ಬೇರೆ ಸಂಸಾರ ಹೂಡಿ ಎರಡು ಮೂರು ವರ್ಷವಾಯ್ತು. ಬೈಕ್ ಲೋನಿಗೆ ಬೇಕು ಅಂತ ಏಜೆಂಟ್ ಒಬ್ಬ ಅವನಿಂದ ಐಟಿ ರಿಟರ್ನ್ಸ್ ಹಾಕಿಸಿದ್ದ. ಕಟ್ಟಿದ ತೆರಿಗೆ ಸೊನ್ನೆ. ಆದರೆ ಅವನ ಹೆಸರು ಇನ್ನೂ ನಮ್ಮ ಕಾರ್ಡಿನಲ್ಲೇ ಇತ್ತು. ಹಳ್ಳಿ ಕಡೆ ಬಹಳ ಮನೆಗಳಲ್ಲಿ ಹೀಗೇ ಅಲ್ವಾ, ಬೇರೆ ಹೋದವರ ಹೆಸರು ತೆಗೆಸುವ ಗೋಜಿಗೆ ಯಾರೂ ಹೋಗುವುದಿಲ್ಲ. ರಿಟರ್ನ್ಸ್ ಹಾಕಿದ ಆಧಾರ್ ಒಂದು ಕಾರ್ಡಿನಲ್ಲಿ ಕಂಡಿತು, ಇಡೀ ಮನೆ ಎಪಿಎಲ್ ಆಯ್ತು.

ಆ ನವೆಂಬರ್‌ನಲ್ಲಿ ರಾಜ್ಯವಿಡೀ ಗಲಾಟೆ ಎದ್ದದ್ದು ನೆನಪಿರಬಹುದು. ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಬಿಪಿಎಲ್ ಮಾಡುತ್ತೇವೆ ಎಂದು ಸರ್ಕಾರ ಹೇಳಿತು. ಎಷ್ಟೋ ಜನರದ್ದು ತಾನಾಗಿಯೇ ಸರಿಹೋಯ್ತು. ನಮ್ಮದು ಆಗಲಿಲ್ಲ.

ಈ ಮಧ್ಯೆ ಅಪ್ಪನಿಗೆ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಂ ಮಾಡಿಸಿದೆವು. ಕೈಯಿಂದ ಹೆಚ್ಚು ಕಮ್ಮಿ 12 ಸಾವಿರ ಹೋಯ್ತು. ಮೂರು ನಾಳದಲ್ಲೂ ಬ್ಲಾಕ್. ಬೈಪಾಸ್‌ಗೆ ಮೂರು ಲಕ್ಷದ ಮೇಲೆ ಎಸ್ಟಿಮೇಟ್ ಕೊಟ್ಟರು. ಸ್ಕೀಮಿನಲ್ಲಿ ಬೆಡ್ ಇಲ್ಲ, ಈಗ ದುಡ್ಡು ಕಟ್ಟಿ ಅಡ್ಮಿಟ್ ಆಗಿ, ಆಮೇಲೆ ಕ್ಲೇಮ್ ಮಾಡಿಕೊಳ್ಳಿ ಎಂದರು. ಇದನ್ನು ಎಲ್ಲರೂ ಗಟ್ಟಿಯಾಗಿ ನೆನಪಿಡಿ: ಈ ಯೋಜನೆಯಲ್ಲಿ "ಆಮೇಲೆ ಕ್ಲೇಮ್" ಅನ್ನುವುದೇ ಇಲ್ಲ. ಇದು ನಗದುರಹಿತ ಯೋಜನೆ. ದುಡ್ಡು ಹೋಗುವುದು ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನಿಂದ ನೇರವಾಗಿ ಆಸ್ಪತ್ರೆಗೆ. ನೀವು ಕೌಂಟರಿನಲ್ಲಿ ಕಟ್ಟಿದ್ದು ನಿಮಗೆ ವಾಪಸ್ ಬರುವುದಿಲ್ಲ.

ನಾನು ಅಡ್ವಾನ್ಸ್ ಕಟ್ಟಲಿಲ್ಲ. ನೆಂಟರೆಲ್ಲ ನನ್ನ ಮೇಲೆ ಎಗರಾಡಿದರು. ದುಡ್ಡಿನ ಮುಖ ನೋಡಿ ಅಪ್ಪನ ಜೀವ ತೆಗೀತಿದ್ದಾನೆ ಎಂದವರೂ ಇದ್ದಾರೆ. ಆದರೆ ಹೃದಯದ ಡಾಕ್ಟರನ್ನೇ ನೇರವಾಗಿ ಕೇಳಿದ್ದೆ. ಮಾತ್ರೆ ತಪ್ಪಿಸದೆ, ಭಾರ ಎತ್ತದೆ ಇದ್ದರೆ ಕೆಲವು ವಾರ ಕಾಯಬಹುದು ಎಂದು ಅವರು ಚೀಟಿಯಲ್ಲೇ ಬರೆದುಕೊಟ್ಟರು. ಆ ಮಾತು ಸಿಕ್ಕಿದ ಮೇಲೆಯೇ ನಾನು ಕಾಯಲು ಒಪ್ಪಿದ್ದು. ಹಾರ್ಟ್ ಅಟ್ಯಾಕೇ ಆಗಿದ್ದರೆ ಕಥೆ ಬೇರೆ. 4ಎ ಅನ್ನುವ ಎಮರ್ಜೆನ್ಸಿ ಪಟ್ಟಿಯಲ್ಲಿ ಸುಮಾರು 170 ಚಿಕಿತ್ಸೆಗಳಿವೆ. ಅವಕ್ಕೆ ರೆಫರಲ್ (ಸರ್ಕಾರಿ ಆಸ್ಪತ್ರೆ ಬೇರೆ ಕಡೆಗೆ ಕಳಿಸಿ ಬರೆದುಕೊಡುವ ಚೀಟಿ) ಬೇಡ, ಯೋಜನೆಯಲ್ಲಿರುವ ಹತ್ತಿರದ ಆಸ್ಪತ್ರೆಗೆ ನೇರ ಹೋಗುವುದು. ಆಗ ಕಾಗದ ಹಿಡಿದು ಕೂರಬೇಡಿ.

ಇನ್ನು ನನ್ನ ದಾರಿ. ಎಲ್ಲರೂ ಮೊದಲು ಆಸ್ಪತ್ರೆಗೆ ಹೋಗಿ, ಅಲ್ಲಿ ಕಾರ್ಡ್ ಕೇಳಿದಾಗ ಊರಿಗೆ ಓಡಿ ಬರುತ್ತಾರೆ. ನಾನು ಉಲ್ಟಾ ಮಾಡಿದೆ. ಮೊದಲು ರೇಷನ್ ಕಾರ್ಡ್, ಆಮೇಲೆ ಇ-ಕೆವೈಸಿ, ಆಮೇಲೆ ಆರೋಗ್ಯ ಕಾರ್ಡ್, ಆಮೇಲೆ ರೆಫರಲ್ ಚೀಟಿ, ಆಸ್ಪತ್ರೆ ಕೊನೆಗೆ. ಒಂದು ಸರಿಯಾಗದೆ ಇನ್ನೊಂದಕ್ಕೆ ಕೈ ಹಾಕಲಿಲ್ಲ.

ರೇಷನ್ ಕಾರ್ಡಿಗೆ ತಮ್ಮನ ಐಟಿ ರಿಟರ್ನ್ಸಿನ ರಸೀದಿ ತರಿಸಿದೆ. ತೆರಿಗೆ ಸೊನ್ನೆ ಅಂತ ಇರುವ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಹೊಡೆದೆ. ಅವನ ಬೆಂಗಳೂರಿನ ಬಾಡಿಗೆ ಕರಾರು ಪತ್ರದ ಜೆರಾಕ್ಸ್ ಸೇರಿಸಿದೆ. ನಾಡಕಚೇರಿಯಲ್ಲಿ ಹೊಸ ಆದಾಯ ಪ್ರಮಾಣಪತ್ರ ಮಾಡಿಸಿದೆ, 30-40 ರೂಪಾಯಿ ಇರಬೇಕು. ಪಹಣಿ, ಹಳೇ ಕಾರ್ಡ್, ಆಂಜಿಯೋಗ್ರಾಂ ರಿಪೋರ್ಟ್ ಎಲ್ಲ ಒಂದೇ ಫೈಲಿನಲ್ಲಿ ಹಾಕಿ ಎರಡು ಅರ್ಜಿ ಕೊಟ್ಟೆ. ಒಂದು ತಮ್ಮನ ಹೆಸರು ತೆಗೆಯಲು, ಇನ್ನೊಂದು ಕಾರ್ಡನ್ನು ವಾಪಸ್ ಬಿಪಿಎಲ್ ಮಾಡಲು. ಮೊದಲ ಸಲ ಸರ್ವರ್ ಇಲ್ಲ. ಆಮೇಲೆ ಸಾಹೇಬರು ಮೀಟಿಂಗ್. ಆಮೇಲೆ ಫೈಲೇ ಕಾಣಲಿಲ್ಲ. ನನ್ನ ಹತ್ತಿರ ಇನ್ನೊಂದು ಸೆಟ್ ಇತ್ತು, ಅಲ್ಲೇ ಕೊಟ್ಟೆ. ಯಾವ ಕಾಗದವನ್ನೂ ಒಂದೇ ಪ್ರತಿ ಮಾಡಿಸಬೇಡಿ, ಸ್ವೀಕೃತಿ ಸೀಲ್ ಇಲ್ಲದೆ ಯಾವುದನ್ನೂ ಕೊಡಬೇಡಿ. ಹೊರಗೆ ಕೂತ ಒಬ್ಬ ಬ್ರೋಕರ್ 5 ಸಾವಿರ ಕೇಳಿದ. ಒಂದು ಪೈಸೆ ಕೊಡಲಿಲ್ಲ. ಕಾಯಿಲೆ ಇರುವ ಮನೆಯ ಅರ್ಜಿ ಮೊದಲು ನೋಡಿ ಎಂದು ಕೇಳಲು ಅವಕಾಶವಿದೆ. ಅದನ್ನು ಯಾವ ಮಾತಿನಲ್ಲಿ ಬರೆದೆ, ಯಾರ ಮೇಜಿಗೆ ಮೊದಲು ಹೋಗುವಂತೆ ಮಾಡಿದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಎಲ್ಲರೂ ಹಾಗೇ ಬರೆಯಲು ಶುರು ಮಾಡಿದರೆ ಅದರ ಬೆಲೆ ಹೋಗುತ್ತದೆ. ನಿಜವಾಗಿ ಬೇಕಾದವರಿಗೆ ನಾನೇ ಕೂತು ಬರೆದುಕೊಡುತ್ತೇನೆ.

ಮೂರನೇ ವಾರದ ಹೊತ್ತಿಗೆ ಕಾರ್ಡ್ ಬಿಪಿಎಲ್ ಎಂದು ತೋರಿಸಿತು. ಆಮೇಲೆ ಇ-ಕೆವೈಸಿ. ಇಲ್ಲಿ ಅಪ್ಪನ ಬೆರಳು ಕೈಕೊಟ್ಟಿತು. ಐವತ್ತು ವರ್ಷ ಜೋಳ ಸುಲಿದ ಕೈ. ಹೆಬ್ಬೆರಳಿನ ಗೆರೆ ಸವೆದು ನುಣ್ಣಗಾಗಿದೆ, ತೋರುಬೆರಳಲ್ಲಿ ಕುಡುಗೋಲಿನ ಹಳೇ ಗಾಯದ ಅಡ್ಡಗೆರೆ. ಯಂತ್ರದ ಮೇಲೆ ಇಟ್ಟರೆ ಕೆಂಪು ದೀಪ, ಒರೆಸಿ ಇಟ್ಟರೆ ಮತ್ತೆ ಕೆಂಪು ದೀಪ. ನಿಂಬೆಹಣ್ಣು ಉಜ್ಜಿ ನೋಡಿದೆವು, ಬಿಸಿನೀರಲ್ಲಿ ಅದ್ದಿ ನೋಡಿದೆವು. ನಮ್ಮಲ್ಲಿ ಕೆಲಸಕ್ಕೆ ಬಂದದ್ದು ಎಡಗೈ ಉಂಗುರ ಬೆರಳು. ಆ ಬೆರಳಿಗೆ ದುಡಿಮೆಯ ಸವೆತ ಕಮ್ಮಿ. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿಸಿ, ಬೆಳಿಗ್ಗೆ ಸೋಪಿನಲ್ಲಿ ತೊಳೆದು ಒಣಗಿಸಿ ಇಟ್ಟಾಗ ಹಸಿರು ಬಂತು. ಅದಾದ ಮೇಲೆ ಊರಿನ ಮೂರ್ನಾಲ್ಕು ಹಿರಿಯರಿಗೆ ಇದನ್ನೇ ಮಾಡಿಸಿದೆ, ಒಬ್ಬರಿಗೆ ಬಿಟ್ಟು ಎಲ್ಲರಿಗೂ ಹತ್ತಿತು. ಆ ಒಬ್ಬರಿಗೆ ಮುಖದ ಮೂಲಕ ಮಾಡಿಸಬೇಕಾಯ್ತು.

ಆರೋಗ್ಯ ಕಾರ್ಡಿನಲ್ಲಿ ಇನ್ನೊಂದು ತೊಡಕು. ರೇಷನ್ ಕಾರ್ಡಿನಲ್ಲಿ ಇನಿಶಿಯಲ್ ಹಿಂದೆ, ಆಧಾರಿನಲ್ಲಿ ಅಜ್ಜನ ಹೆಸರು ಪೂರ್ತಿಯಾಗಿ ಮುಂದೆ. ಹುಟ್ಟಿದ ವರ್ಷದಲ್ಲೂ ಮೂರು ವರ್ಷದ ವ್ಯತ್ಯಾಸ. ಪೋರ್ಟಲ್ ಎರಡನ್ನೂ ತಾಳೆ ನೋಡಿ ಅಂಕ ಕೊಡುತ್ತದೆ. 80ರ ಮೇಲಿದ್ದರೆ ತಾನಾಗಿ ಅಪ್ರೂವ್, ಕೆಳಗಿದ್ದರೆ ಯಾರೋ ಕೂತು ನೋಡುವವರೆಗೆ ಪೆಂಡಿಂಗ್. ನಮಗೆ ಬಂದದ್ದು ಅರವತ್ತರ ಆಸುಪಾಸು. ಪೆಂಡಿಂಗ್ ಬಿಟ್ಟು ಕೂರುವ ಬದಲು ರೇಷನ್ ಕಾರ್ಡಿನ ಹೆಸರನ್ನೇ ಆಧಾರಿನಂತೆ ತಿದ್ದಿಸಿ ಮತ್ತೆ ಹಾಕಿದೆ. ಸಂಜೆಯೊಳಗೆ ಕಾರ್ಡ್ ಬಂತು. ಹುಷಾರು, ಆಧಾರನ್ನು ತಿದ್ದಲು ಹೋಗಬೇಡಿ. ಅದನ್ನು ತಿದ್ದಿದರೆ ಬ್ಯಾಂಕು, ಪಿಂಚಣಿ, ಬೆಳೆವಿಮೆ ಎಲ್ಲ ಕಡೆ ಹೊಸ ತಕರಾರು ಹುಟ್ಟಬಹುದು.

ಇದೇ ಹೊತ್ತಿಗೆ ಪಕ್ಕದ ಮನೆಯವರು "ನಮ್ದೂ ಕಾರ್ಡ್ ಇದೆ, ಮೊಬೈಲಲ್ಲೇ ಮಾಡ್ಕೊಂಡ್ವಿ" ಎಂದು ತೋರಿಸಿದರು. ನೋಡಿದರೆ ಅದು ಅಭಾ ನಂಬರ್. ಅದು ನಿಮ್ಮ ಆರೋಗ್ಯ ದಾಖಲೆ ಇಡುವ 14 ಅಂಕಿಯ ಗುರುತು, ಅಷ್ಟೇ. ಶ್ರೀಮಂತ, ಬಡವ ಯಾರು ಬೇಕಾದರೂ ಮಾಡಿಸಬಹುದು. ಅದರಲ್ಲಿ 5 ಲಕ್ಷವೂ ಇಲ್ಲ, 5 ರೂಪಾಯಿಯೂ ಇಲ್ಲ. ಅದನ್ನು ನಂಬಿ ಆಸ್ಪತ್ರೆಗೆ ಹೋಗಿ ಬರಿಗೈಲಿ ವಾಪಸ್ ಬಂದವರನ್ನು ಕಣ್ಣಾರೆ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ರೆಫರಲ್ ಚೀಟಿ. ಮೊದಲು ಹೋದ ಸರ್ಕಾರಿ ಆಸ್ಪತ್ರೆಯಲ್ಲಿ "ಎದೆನೋವು, ಹೆಚ್ಚಿನ ಚಿಕಿತ್ಸೆಗೆ ಕಳಿಸಿದೆ" ಎಂದು ಒಂದು ಸಾಲು ಗೀಚಿ ಕೊಟ್ಟರು. ಅದರಿಂದ ಏನೂ ಆಗದು. ಚೀಟಿಯಲ್ಲಿ ಮೂರು ವಿಷಯ ಇರಲೇಬೇಕು: ಕಾಯಿಲೆ ಏನು, ಯಾವ ಆಪರೇಷನ್ ಬೇಕು, ಅದು ಇಲ್ಲಿ ಆಗುವುದಿಲ್ಲ. ಸೀಲು, ಸಹಿ, ತಾರೀಕು. ಆಂಜಿಯೋಗ್ರಾಂ ರಿಪೋರ್ಟ್ ಮುಂದಿಟ್ಟು ಹಾಗೇ ಬರೆಸಿಕೊಂಡೆ. ಈ ರೆಫರಲ್ ನಿಯಮದ ಮೇಲೆ ಎಲ್ಲರಿಗೂ ಸಿಟ್ಟಿದೆ. ನನಗೆ ಅಷ್ಟಿಲ್ಲ. ಸಣ್ಣಪುಟ್ಟ ಆಪರೇಷನ್ ಸರ್ಕಾರಿ ಆಸ್ಪತ್ರೆಯಲ್ಲೇ ಆದರೆ ಕ್ಲೇಮಿನ ದುಡ್ಡು ಅದೇ ಆಸ್ಪತ್ರೆಗೆ ಬರುತ್ತದೆ, ಒಳ್ಳೆಯದೇ. ಆದರೆ ಮೂರು ನಾಳ ಕಟ್ಟಿದವನನ್ನು ಒಂದು ಸಹಿಗಾಗಿ ಬಿಸಿಲಲ್ಲಿ ನಿಲ್ಲಿಸುವುದು ಸರಿಯಲ್ಲ. ಫೈಲ್ ನೋಡಿ ಬರೆಯಬಹುದಾದ ಚೀಟಿಗೆ ರೋಗಿಯೇ ಯಾಕೆ ಬರಬೇಕು?

ಬೈಪಾಸ್‌ಗೆ ನಾನು ಖಾಸಗಿಗೆ ಹೋಗಲೇ ಇಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅದು ಸರ್ಕಾರದ ಸ್ವಾಯತ್ತ ಸಂಸ್ಥೆ. ಮೈಸೂರು, ಕಲಬುರಗಿಯಲ್ಲೂ ಇದೆ, ಆ ಕಡೆಯವರು ಅಲ್ಲೇ ನೋಡಿ. ಅಲ್ಲಿ ರೆಫರಲ್ ಕೇಳಲೂ ಇಲ್ಲ, ಇದ್ದದ್ದು ಫೈಲಿನಲ್ಲಿ ಹಾಗೇ ಉಳಿಯಿತು. ಡಾಕ್ಟರು ಆಂಜಿಯೋಗ್ರಾಂ ಸೀಡಿ ನೋಡಿ ಬೈಪಾಸ್ ಖಾತ್ರಿ ಮಾಡಿದರು, ದಿನಾಂಕ ಕೊಟ್ಟರು. ಅಡ್ಮಿಟ್ ಆದ ದಿನವೇ ಆರೋಗ್ಯಮಿತ್ರರ ಕೌಂಟರಿಗೆ ಹೋಗಿ ಕಾರ್ಡ್, ಆಧಾರ್, ರೇಷನ್ ಕಾರ್ಡ್, ರಿಪೋರ್ಟ್, ಸೀಡಿ ಒಟ್ಟಿಗೆ ಕೊಟ್ಟೆ. ಅಲ್ಲಿದ್ದ ಹುಡುಗಿ ಎಲ್ಲ ತಿರುವಿ ನೋಡಿ "ಏನೂ ಬಾಕಿ ಇಲ್ವಲ್ಲ ಅಣ್ಣ" ಎಂದಳು. ಪ್ರೀ-ಆಥ್ ಮರುದಿನವೇ ಬಂತು. ನನ್ನ ಹಿಂದೆ ನಿಂತಿದ್ದವರೊಬ್ಬರು ಮಗನ ಹೆಸರು ಕಾರ್ಡಿನಲ್ಲಿಲ್ಲ ಅಂತ ಊರಿಗೆ ವಾಪಸ್ ಹೊರಟರು, ಕಲಬುರಗಿ ಆಚೆಯವರು.

ರಕ್ತಕ್ಕೆ ದಾನಿಗಳನ್ನು ಕೇಳುತ್ತಾರೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ತಮ್ಮ ಮತ್ತು ಅವನ ಕಾರ್ಖಾನೆಯ ಗೆಳೆಯರು ಪಾಳಿ ಬಿಟ್ಟು ಬಂದು ಕೊಟ್ಟರು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಆಂಜಿಯೋಗ್ರಾಂ 12 ಸಾವಿರ. ಓಪಿಡಿ (ಅಡ್ಮಿಟ್ ಆಗದೆ ತೋರಿಸುವುದು), ಮಾತ್ರೆ, ಹೊರಗಿನ ಪರೀಕ್ಷೆ ಸೇರಿ ಆರೇಳು ಸಾವಿರ, ಯೋಜನೆಯಲ್ಲಿ ಓಪಿಡಿ ಬರುವುದಿಲ್ಲ. ರೈಲು, ಆಟೋ, ಊಟ, ಅಮ್ಮನಿಗೆ ಉಳಿಯಲು ಜಾಗ ಎಲ್ಲ ಸೇರಿ ಹತ್ತು ಸಾವಿರ ದಾಟಿತು. ಜೆರಾಕ್ಸ್, ಅರ್ಜಿ, ಪೆಟ್ರೋಲಿಗೆ ಎರಡು ಸಾವಿರ. ನನ್ನ ಕೆಲಸ ನಿಂತದ್ದು ಬೇರೆ, ಮೋಟಾರ್ ರಿಪೇರಿಗೆ ಬಂದವರು ಬೇರೆಯವರ ಹತ್ತಿರ ಹೋದರು. ಎಲ್ಲ ಸೇರಿಸಿದರೂ ಕೈಯಿಂದ ಹೋದದ್ದು 40 ಸಾವಿರದ ಒಳಗೆ. ಹೊಲ ಅಡ ಇಟ್ಟಿದ್ದರೆ ಮೂರು ಲಕ್ಷ ಅಸಲು, ನಮ್ಮೂರ ಬಡ್ಡಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ತಿಂಗಳಿಗೆ 9 ಸಾವಿರ ಬಡ್ಡಿಯೇ ಆಗುತ್ತಿತ್ತು. ಈಗ ತಿಂಗಳ ಮಾತ್ರೆ ಜನೌಷಧಿ ಅಂಗಡಿಯಿಂದ ತರುತ್ತೇನೆ.

ಜೊತೆಗೆ ಸೋದರಮಾವನ ಮೇಲೆ ಒಂದು ಪ್ರಯೋಗ ಮಾಡಿದೆ. ಅವರಿಗೆ ಒಂಬತ್ತು ಎಕರೆ ಒಣಭೂಮಿ, ಬಿಪಿಎಲ್ ಆಗುವ ಮಾತೇ ಇಲ್ಲ. ಮಳೆ ಕೈಕೊಟ್ಟ ವರ್ಷ ಅವರ ಕೈಯಲ್ಲೂ ಕಾಸಿರುವುದಿಲ್ಲ. ಹಾಲಿನ ಸಂಘದ ಸದಸ್ಯರಾದ್ದರಿಂದ ಯಶಸ್ವಿನಿ ಮಾಡಿಸಿದೆ, ಸಹಕಾರ ಸಂಘಗಳ ಸದಸ್ಯರಿಗಿರುವ ಆರೋಗ್ಯ ಯೋಜನೆ ಅದು. 2003ರಲ್ಲಿ ಶುರುವಾಗಿ, ನಡುವೆ ನಿಂತು, 2022ರಲ್ಲಿ ಮತ್ತೆ ಬಂದ ಯೋಜನೆ. ಹಳ್ಳಿಯವರಿಗೆ ನಾಲ್ಕು ಜನರ ಮನೆಗೆ ವರ್ಷಕ್ಕೆ 500 ರೂಪಾಯಿ, ಮೇಲೆ ಒಬ್ಬೊಬ್ಬರಿಗೆ 100, ಮಿತಿ ಅದೇ 5 ಲಕ್ಷ. ಜನರಲ್ ವಾರ್ಡ್ ಮಾತ್ರ. ನೋಂದಣಿಗೆ ವರ್ಷದಲ್ಲಿ ಕೆಲವೇ ತಿಂಗಳು ಅವಕಾಶ, ತಪ್ಪಿದರೆ ಮುಂದಿನ ವರ್ಷ. ಸೊಸೈಟಿ ಸೆಕ್ರೆಟರಿಗೆ ಫೋನ್ ಮಾಡುತ್ತಲೇ ಇರಬೇಕು. ಎಪಿಎಲ್ಲಿನ 30% ನಂಬಿ ಕೂರುವುದಕ್ಕಿಂತ ಇದು ಎಷ್ಟೋ ಮೇಲು.

ಈಗ ಹೆಂಡತಿಯ ಅಪ್ಪ, ನನ್ನ ಮಾವನವರ ಡಯಾಲಿಸಿಸ್ ಶುರುವಾಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅವರ ಕಾರ್ಡಿನಲ್ಲಿ ಮದುವೆಯಾಗಿ ಹೋದ ಮಗಳ ಹೆಸರು ಇನ್ನೂ ಇದೆ. ಅರ್ಜಿ ಹಾಕಿ ಸೀಲ್ ಹಾಕಿಸಿಕೊಂಡಿದ್ದೇನೆ, ಬೆರಳಿಗೆ ಎಣ್ಣೆ ಹಚ್ಚಲು ಶುರು ಮಾಡಿಸಿದ್ದೇನೆ.